ನಲವತ್ತೇಳನೇ ನಂಬರಿನ ಬಾಗಿಲು

ನಾನು ಅಂಗೈಯಗಲದ ಒಂದು ತಗಡು. ನೀಲಿ ಬಣ್ಣ ಬಳಿದು, ಮೈಮೇಲೆ ಬಿಳಿಯಲ್ಲಿ ೪೭ ಎಂದು ಬರೆದು, ಪುರಸಭೆಯವರು ನನ್ನನ್ನು ಮನೆ ನಂಬರು ಮಾಡಿದರು. ಹುಟ್ಟಿದ ಮೂರನೇ ದಿನವೇ ನನ್ನಿಂದ ತಪ್ಪಾಯಿತು. ನನ್ನಿಂದ ಅಂದರೆ, ಮೊಳೆ ಹೊಡೆಯುವವನಿಂದ. ಸುಡುಬಿಸಿಲಲ್ಲಿ ಆತ ನನ್ನನ್ನೂ ನಲವತ್ತೆಂಟನ್ನೂ ಅದಲುಬದಲು ಮಾಡಿ ಅಕ್ಕಪಕ್ಕದ ಬಾಗಿಲುಗಳಿಗೆ ಬಡಿದು, ನೀರು ಕುಡಿದು ಹೋದ.

ನನಗೆ ಸಿಕ್ಕಿದ್ದು ಗುರುಶಾಂತವ್ವನ ಬಾಗಿಲು. ಗಂಡ ಸತ್ತ ಮೇಲೆ ಕೌದಿ ಹೊಲಿದು ಬದುಕುವ ಹೆಂಗಸು. ಪಕ್ಕದ ಮನೆಗೆ ಸದಾ ಬೀಗ; ಅದರ ಧಣಿ ಊರು ಬಿಟ್ಟು ಬಹಳ ವರ್ಷವಾಗಿತ್ತು.

ವರ್ಷಕ್ಕೊಮ್ಮೆ ಆಕೆ ಮನೆ ತೆರಿಗೆ ಕಟ್ಟಿ ಬಂದು, ಎದುರುಮನೆಯ ಕಾಶವ್ವನಿಗೆ ಹೇಳಿ ನಗುತ್ತಿದ್ದಳು: “ಮನಿ ಯಾರ ಹೆಸರಿಲೆ ಐತಿ ಅಂತ ಕೇಳತಾನವಾ ಗುಮಾಸ್ತ. ಗಂಡನ ಹೆಸರು ನಾ ಹೆಂಗ ಹೇಳ್ಲಿ? ನಲವತ್ತೇಳು, ಅಷ್ಟ ಬರಕೋ ಅಂದೆ.” ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಂತೆ. ಸತ್ತವನದು ಇನ್ನೆಷ್ಟು ಕಮ್ಮಿಯಾದೀತು! ಗುಮಾಸ್ತನೂ ಸೋಮಾರಿ, ರಸೀತಿ ಹರಿದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಹೀಗೆ ಹನ್ನೊಂದು ವರ್ಷ ಆಕೆ ಬೀಗದ ಮನೆಯ ತೆರಿಗೆ ಕಟ್ಟಿದಳು. ಅವಳ ಸ್ವಂತ ಮನೆ, ದಫ್ತರದ ನಲವತ್ತೆಂಟು, ಬಾಕಿಯಲ್ಲಿ ಮುಳುಗಿತು. ನೋಟಿಸುಗಳೆಲ್ಲ ಬೀಗದ ಬಾಗಿಲಿಗೆ ಅಂಟಿ, ಅಲ್ಲೇ ಒಣಗಿ ಉದುರಿದವು.

ಒಂದು ಬೆಳಿಗ್ಗೆ ಬೀಗದ ಮನೆಯ ಮುಂದೆ ಡಂಗುರ ಹೊಡೆದು, ನಂಬರಷ್ಟೇ ಕೂಗಿ, ಹರಾಜು ಮುಗಿಸಿದರು. ಗುರುಶಾಂತವ್ವ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟಳು. “ತೆರಿಗಿ ಕಟ್ಟದಿದ್ರ ಹಿಂಗ ಆಗತೈತಿ ನೋಡ್ರಿ. ಪಾಪ, ಯಾರ ಮನಿಯೋ ಏನೋ!” ಅಂದಳು. ಆಗ ನಾನು ಮೊಳೆ ಸಮೇತ ಕಿತ್ತುಬಂದು ಅವಳ ಕಾಲಬುಡದಲ್ಲಿ ಬೀಳಬೇಕಿತ್ತು. ಬೀಳಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡು ತಿಂಗಳ ಮೇಲೆ, ಹರಾಜು ಹಿಡಿದವನನ್ನು ಕರೆದುಕೊಂಡು ವಸೂಲಿಗಾರ ಅಳತೆಗೆ ಬಂದ. ಪುಸ್ತಕದಲ್ಲಿ ನಲವತ್ತೆಂಟರ ಹಿತ್ತಲಿಗೆ ಬಾವಿ ಬರೆದಿತ್ತು. ಬೀಗದ ಮನೆಗೆ ಬಾವಿಯೇ ಇಲ್ಲ. ಅವನು ನಮ್ಮ ಹಿತ್ತಲಿಗೆ ಇಣುಕಿ, ಬಾವಿ ಕಂಡು, ಹರಾಜಾದ ಮನೆ ಇದೇ ಇರಬೇಕೆಂದು ಗೊಣಗುತ್ತಾ ಬಂದು ಗುರುಶಾಂತವ್ವನನ್ನು ಕೇಳಿದ.

“ಅವ್ವಾ, ಇದು ಯಾರ ಮನಿ?”

“ನಮ್ಮ ಮನ್ಯಾರದು.”

“ಹೆಸರು ಹೇಳಬೇಕವಾ. ಹೆಸರಿಲ್ಲದ ನಾ ಏನೂ ಬರಕೊಳ್ಳಾಕ ಬರಂಗಿಲ್ಲ.”

ಆಕೆ ತಲೆಯ ಮೇಲೆ ಸೆರಗೆಳೆದುಕೊಂಡಳು. ಮನೆ ಉಳಿದೀತೆಂಬ ಆಸೆಯಿಂದ, ಜನ್ಮದಲ್ಲಿ ಮೊದಲ ಸಲ ಹೇಳಿದಳು: “ಈರಭದ್ರಪ್ಪ.”

ವಸೂಲಿಗಾರ ಪುಟದ ಮೇಲೆ ಬೆರಳಿಟ್ಟ. “ಹೌದು. ಈರಭದ್ರಪ್ಪ, ನಲವತ್ತೆಂಟು. ಹರಾಜಾಗಿದ್ದು ಇದ ಮನಿ.”

ಆಕೆ ಓಡಿಹೋಗಿ ಪೆಟ್ಟಿಗೆಯಿಂದ ಹನ್ನೊಂದು ರಸೀತಿ ತಂದಳು. ಅವನು ಒಂದೊಂದನ್ನೂ ಓದಿದ. “ಇವೆಲ್ಲ ಪಕ್ಕದ ಮನೀವು ಅವ್ವಾ. ತಕರಾರು ಕೊಡೂ ಮುದ್ದತೂ ಮುಗದೈತಿ,” ಅಂದ, ತಲೆಯೆತ್ತದೆ. ಗುರುಶಾಂತವ್ವ ಅಳಲಿಲ್ಲ. ಹೇಳಬಾರದ ಹೆಸರು ಹೇಳಿದ್ದಕ್ಕೇ ಮನೆ ಹೋಯಿತೆಂದು ಬಾಯಿಗೆ ಬಡಿದುಕೊಂಡಳು. ಆ ಹೆಸರನ್ನು ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು ತಾಯಿ! ಆದರೆ ತಗಡಿಗೆ ಬಾಯೆಲ್ಲಿಂದ ಬರಬೇಕು?

ಅಂದೇ ನನ್ನನ್ನು ಕಿತ್ತು ಬೀಗದ ಬಾಗಿಲಿಗೆ ಬಡಿದರು. ಈಗ ನನಗೆ ಮುಪ್ಪು. ತುಕ್ಕು ಹಿಡಿದು ಏಳು ಅಳಿಸುತ್ತಾ ಬಂದಿದೆ. ಗುರುಶಾಂತವ್ವ ಯಾವ ಊರು ಸೇರಿದಳೋ ತಿಳಿಯದು. ಇಡೀ ಓಣಿಯಲ್ಲಿ ಹನ್ನೊಂದು ವರ್ಷದ ತೆರಿಗೆ ಒಂದು ಪೈಸೆ ಉಳಿಸದೆ ಕಟ್ಟಿದ ಮನೆ ನನ್ನದೊಂದೇ. ಒಳಗೆ ದೀಪ ಹಚ್ಚುವವರಿಲ್ಲ.