ರುಚಿ ನೋಡದ ಕೈ

ಹಬೆ ಬಂದು ಮುಖಕ್ಕೆ ಬಡಿಯಿತು, ಮೂಗಿನ ತುದಿಯಲ್ಲಿ ಹನಿಯಾಗಿ ನಿಂತಿತು, ಬಿಸಿಯಿದೆ, ಒದ್ದೆಯಿದೆ, ಅಷ್ಟೇ — ಕೊತ್ತಂಬರಿಯಿಲ್ಲ, ಇಂಗಿಲ್ಲ, ಬೆಂದ ಕುಂಬಳದ ಸಿಹಿಯಿಲ್ಲ, ಸ್ನಾನದ ಹಂಡೆಯ ಮುಂದೆ ನಿಂತರೂ ಇಷ್ಟೇ, ಕಿಟ್ಟಣ್ಣ ಇನ್ನೊಮ್ಮೆ ಉಸಿರೆಳೆದ, ಎದೆ ನೋಯುವಷ್ಟು ಎಳೆದ, ಏನೂ ಬರಲಿಲ್ಲ. ಬಲಗೈ ಮುಷ್ಟಿ ಹುಳಿಯ ಕೊಪ್ಪರಿಗೆಯ ಮೇಲೆ ನಿಂತುಬಿಟ್ಟಿದೆ, ಮುಷ್ಟಿಯೊಳಗೆ ಕಲ್ಲುಪ್ಪು. ಹಾಕಿ ಆಗಿದೆಯೋ, ಹಾಕಬೇಕೋ. ಹಾಕಿದ ಹಾಗೆ ನೆನಪು, ಉಪ್ಪಿನ ಮರಿಗೆಗೆ ಕೈಯಿಟ್ಟದ್ದು, ಹಿಡಿ ತುಂಬಿದ್ದು, ಕೊಪ್ಪರಿಗೆಯ ಅಂಚಿನಿಂದ ಸುತ್ತ ಬೀರಿದ್ದು, ಆದರೆ ಅದು ಇವತ್ತಿನದೋ, ನಿನ್ನೆಯದೋ, ಬೆಳಿಗ್ಗೆಯ ಮೊದಲ ಕೊಪ್ಪರಿಗೆಯದೋ, ಮೂವತ್ತು ವರ್ಷ ಅದೇ ಕೈ ಅದೇ ಹಿಡಿ, ಒಂದು ಹಿಡಿಯಿಂದ ಇನ್ನೊಂದು ಹಿಡಿಯನ್ನು ಬೇರೆ ಮಾಡುವುದು ಹೇಗೆ. ಅದಕ್ಕೇ ಅಲ್ಲವೇ ಗುರುತು ಮಾಡಿಕೊಂಡದ್ದು, ಉಪ್ಪು ಹಾಕಿದ ಮೇಲೆ ಸೌಟಿನ ಹಿಡಿಯನ್ನು ಗೋಡೆಯ ಕಡೆ ತಿರುಗಿಸಿಡುವುದು, ಹಾಕದಿದ್ದರೆ ಬಾಗಿಲ ಕಡೆ, ಯಾರಿಗೂ ಹೇಳದ ಗುರುತು — ಸೌಟು ಎಲ್ಲಿದೆ, ಸೌಟು ಇಲ್ಲ, ಈಗಷ್ಟೇ ಬಡಿಸುವ ಮೋಹನದಾಸ ಒಳಗೆ ಬಂದು ಸಾರಿಗೆಂದು ಎತ್ತಿಕೊಂಡು ಹೋದ, ಹೋಗುತ್ತ ಕೂಗಿದ್ದೂ ಕೇಳಿತು, ಭಟ್ರೆ ಹುಳಿ ಬೇಗ, ಮೂರನೇ ಟೇಬಲಿಗೆ ಔರಂಗಾಬಾದಿನ ಶೇಠ್ರು ಬಂದಾಯ್ತು.

ಔರಂಗಾಬಾದಿನ ಶೇಠ್ರು, ಗುರುಲಿಂಗಪ್ಪ, ಮೂಲ ಬೀದರಿನವರು, ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಅವರ ಕಟ್ಟಡ, ಆ ಕಟ್ಟಡದಲ್ಲಿ ಧಣಿ ಜಯರಾಮ ಎರಡನೇ ಹೋಟೆಲು ಹಾಕುವುದು, ಅವರು ಇವತ್ತು ಉಂಡು ಹೂಂ ಎಂದರೆ ಅಲ್ಲಿನ ಅಡಿಗೆ ಕಿಟ್ಟಣ್ಣನಿಗೆ, ಹೂಂ ಎನ್ನದಿದ್ದರೆ ಈ ನಾಸಿಕ್, ಈ ಒಲೆ, ಈ ಗೋಡೆ, ಮತ್ತೆ ವರ್ಷಕ್ಕೆ ನಾಲ್ಕು ಸಲ ಯೇವಲಾ ದಾರಿಯ ಧೂಳು ಕುಡಿಯುತ್ತ ಎಸ್‌ಟಿ ಬಸ್ಸು, ಬಸ್‌ಸ್ಟ್ಯಾಂಡಿನಲ್ಲಿ ಔರಂಗಾಬಾದಿನಲ್ಲೇ ಇರುವ ತಂಗಿ ಗುಣವತಿಯ ಕೈ ಹಿಡಿದು ನಿಂತ ಮಗಳು ಮನೋರಮಾ. ಹತ್ತು ವರ್ಷದ ಹುಡುಗಿ, ತಾಯಿ ಸತ್ತು ಎರಡು ವರ್ಷ, ಹೋಟೆಲಿನ ಅಟ್ಟದಲ್ಲಿ ಮಲಗುವ ಗಂಡಸು ಹೆಣ್ಣುಮಗುವನ್ನು ಎಲ್ಲಿ ಇಟ್ಟುಕೊಂಡಾನು, ಅತ್ತೆಯ ಮನೆಯಲ್ಲಿ ಮರಾಠಿ ಶಾಲೆಗೆ ಹೋಗುತ್ತಾಳೆ, ಊರಿನ ಕುಂದಾಪ್ರ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ, ಅಪ್ಪಯ್ಯ ದಿವಾಳಿಗೆ ಆಧೀ ಬತ್ಯಾ, ಪಕ್ಕಾ? ಬತ್ತೆ ಮಗಾ, ದೀಪಾವಳಿಗೆ ಮುಂಚೆ ಬತ್ತೆ, ಬಂದ್ ಅಲ್ಲೇ ಇರ್ತೆ. ಗುಣವತಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂದದ್ದು, ಹೆಣ್ ನಿನ್ ಮುಖ ಮರೆತ್ ಹೋಪುಕ್ ಮುಂಚೆ ಬಾ ಅಣ್ಣ. ಆಗಸ್ಟಿನಲ್ಲಿ ಹೋದಾಗ ಎತ್ತಿ ಅಪ್ಪಿಕೊಂಡಿದ್ದ, ನೆತ್ತಿಗೆ ಮೂಗಿಟ್ಟಿದ್ದ, ಕೊಬ್ಬರಿ ಎಣ್ಣೆ, ಬಿಸಿಲು, ಶಾಲೆಯ ಬೆವರು ಎಲ್ಲ ಸೇರಿದ ಆ ವಾಸನೆ ಇರಲಿಲ್ಲ, ಯಾರದೋ ಮಗುವನ್ನು ಎತ್ತಿಕೊಂಡ ಹಾಗೆ, ಕೂಡಲೇ ಇಳಿಸಿಬಿಟ್ಟ, ಅವಳು ಅಪ್ಪಯ್ಯನಿಗೆ ಸಿಟ್ಟು ಬಂತೆಂದುಕೊಂಡಳು.

ಮೂಗು ಹೋದದ್ದು ಮಾರ್ಚಿನಲ್ಲಿ. ಎಂಟು ದಿನ ಶೀತಜ್ವರ, ಒಂಬತ್ತನೆಯ ದಿನ ಎದ್ದು ಇಂಗಿನ ಡಬ್ಬಿ ತೆರೆದರೆ ಇಂಗು ಸತ್ತಿತ್ತು, ಅಂಗಡಿಯವನು ಮೋಸ ಮಾಡಿದ ಎಂದು ಹೊಸ ಡಬ್ಬಿ ತರಿಸಿದ, ಅದೂ ಸತ್ತಿತ್ತು, ಆಗ ಅಟ್ಟಕ್ಕೆ ಓಡಿದ, ಹೆಂಡತಿ ಸರೋಜಿನಿಯ ಟ್ರಂಕು ತೆರೆದು ಮದುವೆಯ ಸೀರೆಯಲ್ಲಿ ಮುಖ ಮುಚ್ಚಿಕೊಂಡ, ಬಟ್ಟೆ, ಬರೀ ಬಟ್ಟೆ, ಅವತ್ತು ಅವಳು ಎರಡನೆಯ ಸಲ ಸತ್ತಳು. ಡಾಕ್ಟರು ನರ ಎಂದರು, ಬಂದರೂ ಬರಬಹುದು ಎಂದರು. ಯಾರಿಗೆ ಹೇಳುವುದು, ಕಿಟ್ಟಣ್ಣನ ಹೆಸರೇ ಮೂಗಿನ ಮೇಲೆ ನಿಂತದ್ದು. ಸೋದರಮಾವ ಭುಜಂಗಯ್ಯ ಕಲಿಸಿದ ಅಡಿಗೆ, ದೇವರಿಗೆ ಇಡುವ ಮೊದಲು ನಾಲಿಗೆಗೆ ಸೋಕಿಸಿದರೆ ಎಂಜಲು, ಪ್ರತಿ ಕೊಪ್ಪರಿಗೆಯಿಂದ ಒಂದು ಬಟ್ಟಲು ಕೃಷ್ಣನ ಪಟದ ಮುಂದೆ, ಆಮೇಲೆ ಪಂಕ್ತಿಗೆ, ಅಡಿಗೆಯವ ಉಣ್ಣುವುದು ಎಲ್ಲರೂ ಎದ್ದ ಮೇಲೆ. ನಾಲಿಗೆಗೆ ಆಸೆ ಇತ್ತ್ ಮಾಣಿ, ಅದ್ ಸುಳ್ಳ್ ಹೇಳ್ತ್, ಮೂಗಿಗೆ ಆಸೆ ಇಲ್ಲೆ, ಎನ್ನುತ್ತಿದ್ದರು ಮಾವ. ಉಪ್ಪು ಬಿದ್ದೊಡನೆ ಹುಳಿಯ ಹಬೆ ಬದಲಾಗುತ್ತದೆ, ಹಸಿ ವಾಸನೆ ಮಡಚಿಕೊಂಡು ದುಂಡಗಾಗುತ್ತದೆ, ಗೊತ್ತಿರುವವರಿಗೆ ಗೊತ್ತು. ಜಯರಾಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಂದವರಿಗೆಲ್ಲ ಹೇಳುತ್ತಾನೆ, ನಮ್ ಕಿಟ್ಟಣ್ಣ ಮೂವತ್ತ್ ವರ್ಷದಂಗೆ ಒಂದ್ ಹನಿ ರುಚಿ ಕಂಡವ ಅಲ್ಲ, ಪಂಚವಟಿಗೆ ಬಂದ ಯಾತ್ರಿಕರು ಅದಕ್ಕೆಂದೇ ಇಲ್ಲಿ ಉಣ್ಣುತ್ತಾರೆ, ಕಿಂಡಿಯಲ್ಲಿ ಇಣುಕಿ ಕೈ ಮುಗಿಯುತ್ತಾರೆ.

ಈಗ ಅದೇ ಕಿಂಡಿಯಲ್ಲಿ ಕಿಟ್ಟಣ್ಣ ಇಣುಕುತ್ತಾನೆ, ದಿನವೂ, ಕಳ್ಳನ ಹಾಗೆ, ಉಣ್ಣುವವರ ಮುಖ ನೋಡುತ್ತಾನೆ. ಮೊದಲ ತುತ್ತು, ಹುಬ್ಬು ಏರಿತೇ, ಬಾಯಿ ನಿಂತಿತೇ, ನೀರಿನ ಲೋಟಕ್ಕೆ ಕೈ ಹೋಯಿತೇ. ಸಟಾಣಾದ ಈರುಳ್ಳಿ ರೈತನೊಬ್ಬ ಮೂರು ಸಲ ಹಾಕಿಸಿಕೊಂಡು ಎಲೆ ಒರೆಸಿ ಉಂಡ, ಅದೇ ದಿನ ಒಂದು ಗಂಟೆಯ ಪಂಕ್ತಿಯಲ್ಲಿ ಒಬ್ಬ ಹೆಂಗಸು ಮೀಠಚ್ ನಾಹೀ ಎಂದು ಗಂಡನ ಕಡೆ ನೋಡಿದಳು, ಉಪ್ಪೇ ಇಲ್ಲ, ಎರಡನೇ ಕೊಪ್ಪರಿಗೆಗೆ ಮರೆತೇ ಹೋಗಿತ್ತು. ಗುರುತು ಶುರುವಾದದ್ದು ಆಮೇಲೆ. ಗುರುತೂ ಒಮ್ಮೆ ಕೈಕೊಟ್ಟಿತು, ಕಳೆದ ಶನಿವಾರ, ಎರಡೆರಡು ಹಿಡಿ, ದಿನವೂ ಉಣ್ಣಲು ಬರುವ ಬೀದರಿನ ಗುಮಾಸ್ತ ಮನ್ಮಥಪ್ಪ ಕಿಂಡಿಯ ತನಕ ಬಂದ, ಏನ್ರಿ ಭಟ್ಟರ, ನಿಮ್ಮೂರ ಸಮುದ್ರ ಇಲ್ಲೇ ತಂದು ಸುರವಿರೇನ್ರಿ? ಹಿಂದಿನ ಸೋಮವಾರ ಅವನೇ ಅಂದದ್ದು, ಈ ಕೈಗಿ ಬಂಗಾರದ ಕಡಗ ಹಾಕಬೇಕ್ರಿ. ಎಲ್ಲರೂ ನಕ್ಕರು, ಕಿಟ್ಟಣ್ಣನೂ ನಕ್ಕ, ಒಳಗೆ ಬಂದು ಒಲೆಯ ಮುಂದೆ ಕುಳಿತ. ಸಂಜೆ ಜಯರಾಮ, ಜನ ಎರಡ್ ನಮೂನಿ ಮಾತಾಡ್ತ್ರ್ ಕಿಟ್ಟಣ್ಣ, ಒಬ್ರ್ ಅಮೃತ ಅಂತ್ರ್, ಮತ್ತೊಬ್ರ್ ಎಲಿ ದೂಡಿ ಎದ್ ಹೋತ್ರ್, ನಂಗ್ ಯಾರ್ ಮಾತ್ ನಂಬುದ್ ಅಂದೇ ತಿಳಿತಿಲ್ಲೆ. ನಿಂಗ್ ಹುಷಾರ್ ಇತ್ತಾ? ಇತ್ತ್. ಎಂತದಾರೂ ಇದ್ರೆ ಹೇಳ್. ಎಂತ ಇಲ್ಲೆ. ಹೇಳಬಹುದಿತ್ತು, ಅವತ್ತೇ, ಆಗಲೇ, ಜಯರಾಮ ಒಳ್ಳೆಯವ, ಆದರೆ ಒಳ್ಳೆಯವನಾದರೂ ಕುರುಡನಿಗೆ ಬಂಡಿ ಕೊಡುತ್ತಾನೆಯೇ.

ಭಟ್ರೆ, ಎಲೆ ಹಾಕಿಯಾಯ್ತು — ಮೋಹನದಾಸನ ದನಿ, ಪಲ್ಯ ಬಡಿಸಿಯಾಯ್ತು. ಮುಷ್ಟಿಯೊಳಗೆ ಉಪ್ಪು ಬೆವರಿಗೆ ಕರಗಿ ಮಣಿಕಟ್ಟಿನ ಕಡೆ ಇಳಿಯುತ್ತಿದೆ, ಹರಳು ಅಂಗೈಗೆ ಚುಚ್ಚುತ್ತಿದೆ. ಹಾಕಿದರೆ, ಮೊದಲೇ ಹಾಕಿದ್ದರೆ, ಸಮುದ್ರ. ಹಾಕದಿದ್ದರೆ, ಹಾಕಿರದಿದ್ದರೆ, ಮೀಠಚ್ ನಾಹೀ. ಎರಡರಲ್ಲಿ ಒಂದು, ಒಂದು ಕಡೆ ಮನೋರಮಾ, ಇನ್ನೊಂದು ಕಡೆ ಬಸ್ಸಿನ ಧೂಳು, ಯಾವ ಕಡೆ ಯಾವುದು. ಮೋಹನದಾಸನಿಗೆ ಒಂದು ಹನಿ ಕೊಟ್ಟು ಕೇಳಲೇ, ಸಂಜೆಯೊಳಗೆ ಬಜಾರಿಗೇ ಗೊತ್ತಾಗುತ್ತದೆ. ನಾಲಿಗೆ ಇದೆಯಲ್ಲ, ಮೂಗು ಸತ್ತರೂ ನಾಲಿಗೆಗೆ ಉಪ್ಪು ತಿಳಿಯುತ್ತದೆ, ರಾತ್ರಿ ಉಣ್ಣುವಾಗ ತಿಳಿಯುತ್ತದಲ್ಲ, ಒಂದು ಹನಿ, ಒಂದೇ ಒಂದು, ಒಳಗೆ ಯಾರೂ ಇಲ್ಲ. ಮಾವ, ಕ್ಷಮಿಸಿ, ನಾನು ಮೂಗು ಮಾರಿಕೊಂಡವನಲ್ಲ, ಕಳೆದುಕೊಂಡವನು. ಏಳು ತಿಂಗಳು ಪಟದ ಮುಂದೆ ಬಟ್ಟಲಿಟ್ಟು ಕೇಳಿದೆ, ಬೇರೇನೂ ಕೇಳಲಿಲ್ಲ, ಒಮ್ಮೆ ಇಂಗಿನ ಘಾಟು, ಒಮ್ಮೆ ಅವಳ ಸೀರೆ, ಒಮ್ಮೆ ಮಗುವಿನ ನೆತ್ತಿ, ಅವನು ಕೊಡಲಿಲ್ಲ, ಕೊಡದವನಿಗೆ ಎಂಜಲಾದರೇನು. ಬಲಗೈ ಹಾಗೆಯೇ ನಿಂತಿದೆ, ಎಡಗೈ ಅವನದಲ್ಲವೆಂಬಂತೆ ಕೆಳಗಿಳಿಯಿತು, ಬೆರಳು ಸುಟ್ಟಿತು, ಬೆರಳು ಬಾಯಿಗೆ ಬಂತು.

ಉಪ್ಪು ಇದೆ. ಸರಿಯಾಗಿದೆ, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ, ಹುಳಿ, ಬೆಲ್ಲ, ಖಾರ, ಎಲ್ಲ ತಮ್ಮ ತಮ್ಮ ಜಾಗದಲ್ಲಿ, ಹಾಕಿದ್ದೆ, ನಾನೇ ಹಾಕಿದ್ದೆ, ಕೈಗೆ ಗೊತ್ತಿತ್ತು, ಮೂಗಿಲ್ಲದೆಯೂ ಕೈಗೆ ಗೊತ್ತಿತ್ತು, ಬತ್ತೆ ಮಗಾ, ಪಕ್ಕಾ — ಬೆರಳು ಬಾಯಲ್ಲಿರುವಾಗಲೇ ಕಣ್ಣೆತ್ತಿದ. ಬಾಗಿಲಲ್ಲಿ ಜಯರಾಮ. ಜಯರಾಮನ ಪಕ್ಕ ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಉಣ್ಣುವ ಮೊದಲು ಆ ಕೈಯನ್ನೊಮ್ಮೆ ನೋಡಬೇಕೆಂದು ಎಲೆಯ ಮುಂದಿನಿಂದ ಎದ್ದು ಬಂದ ಗುರುಲಿಂಗಪ್ಪ, ಮುಗಿಯಲು ಎತ್ತಿದ ಎರಡು ಕೈ ಒಂದನ್ನೊಂದು ಮುಟ್ಟದೆ ನಡುವೆ ನಿಂತಿವೆ. ರುಚಿ ನೋಡಂಗಿಲ್ಲ ಅಂದಿದ್ರಲ್ರಿ, ಜಯರಾಮ ಶೇಠ್. ಮೆಲ್ಲಗೆ ಅಂದರು, ಬೈದ ಹಾಗೆ ಅಲ್ಲ. ಜಯರಾಮ ಅವರ ಕಡೆ ನೋಡಲಿಲ್ಲ, ಕಿಟ್ಟಣ್ಣನ ಕಡೆಯೂ ನೋಡಲಿಲ್ಲ, ಕೃಷ್ಣನ ಪಟದ ಮುಂದಿನ ಬಟ್ಟಲು ನೋಡುತ್ತಿದ್ದ, ಅದು ಇನ್ನೂ ಖಾಲಿ. ಹೇಳಬೇಕು, ಈಗ ಹೇಳಬೇಕು, ಮಾರ್ಚಿನಿಂದ, ಶೀತಜ್ವರ, ಇಂಗಿನ ಡಬ್ಬಿ, ಹೇಳಲು ಬಾಯಿ ಬೇಕು, ಬಾಯಲ್ಲಿ ಬೆರಳು, ತೆಗೆಯಬೇಕು, ತೆಗೆದರೆ ಎಲ್ಲಿಡುವುದು, ಎಲ್ಲಿ ಒರೆಸುವುದು, ಬೆರಳು ಬಾಯಲ್ಲಿ, ಉಪ್ಪು ಸರಿಯಾಗಿದೆ, ಬೆರಳು ಬಾಯಲ್ಲಿ