ಹಳದಿ ಬಾವುಟದ ಕೆಳಗೆ ಸೇತುವಿನ ಮರಳು

ಆ ಬೆಳಗ್ಗೆ ಗಂಗೆಯ ಕವಲಾದ ಹೂಗ್ಲಿಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿತ್ತು. ಪುಷ್ಯ ಮಾಸದ ಚಳಿ. ಎದುರು ದಡ ಇಲ್ಲ, ಘಾಟಿನ ಮೆಟ್ಟಿಲುಗಳಿಲ್ಲ. ಗಂಗಾಸಾಗರಕ್ಕೆ ಹೊರಟ ಯಾತ್ರಿಕರ ಲಾಂಚೊಂದು ಕಾಣದೆಯೇ ಹಾದುಹೋಗಿ, ತನ್ನ ಹಿಂದೆ ಒಂದಿಷ್ಟು ಭಜನೆಯನ್ನು ನೀರಿನ ಮೇಲೆ ಬಿಟ್ಟುಹೋಯಿತು. ಅಷ್ಟೂ ಬಿಳುಪಿನ ನಡುವೆ ಒಂದೇ ಒಂದು ಬಣ್ಣ ಎದ್ದು ಕಾಣುತ್ತಿತ್ತು. ಖಿದಿರ್‌ಪುರದ ಬಳಿ ಲಂಗರು ಹಾಕಿದ್ದ ‘ಶರಾವತಿ’ ಎಂಬ ಪುಟ್ಟ ಹಾಯಿದೋಣಿಯ ಹಳದಿ ಬಾವುಟ.

ಹೊರದೇಶದಿಂದ ಬಂದ ದೋಣಿ ಮೊದಲು ಏರಿಸಬೇಕಾದದ್ದು ಆ ಬಾವುಟ. ಆರೋಗ್ಯದವರು, ವಲಸೆಯವರು, ಕಸ್ಟಮ್ಸಿನವರು ಬಂದು ನೋಡಿ ‘ಆಯಿತು’ ಎನ್ನುವವರೆಗೆ ಅದನ್ನು ಇಳಿಸುವಂತಿಲ್ಲ. ಇಳಿಸದೆ ಯಾರೂ ದಡಕ್ಕೆ ಕಾಲಿಡುವಂತಿಲ್ಲ. ಮಡಿಯುಟ್ಟವರು ಮುಟ್ಟಿಸಿಕೊಳ್ಳದೆ ನಿಲ್ಲುವ ಹಾಗೆ ದೋಣಿ ನೀರಿನ ನಡುವೆ ನಿಂತಿತ್ತು.

ದೋಣಿಯಲ್ಲಿದ್ದವರು ಇಬ್ಬರೇ. ಹಡಗಿನ ಎಂಜಿನಿಯರಾಗಿದ್ದು ಸಿಂಗಪುರದಲ್ಲಿ ನಿವೃತ್ತರಾದ ಹೊನ್ನಾವರದ ಚಂದ್ರಹಾಸರು, ಅವರ ಹೆಂಡತಿ ಇಂದುಮತಿ. ಹಾಯಿದೋಣಿಯಲ್ಲಿ ಊರೂರು ಸುತ್ತುವ ಆಸೆ ಗಂಡನದು. ‘ಸುತ್ತುವುದಾದರೆ ಮೊದಲ ನಿಲುಗಡೆ ಗಂಗೆ’ ಎಂಬ ಹಟ ಹೆಂಡತಿಯದು.

ಹಟಕ್ಕೆ ಕಾರಣ ಒಂದು ಹಿತ್ತಾಳೆಯ ಗಿಂಡಿ. ಇಂದುಮತಿಯ ಅತ್ತೆ ಮಹಾಲಕ್ಷ್ಮಮ್ಮ ರಾಮೇಶ್ವರಕ್ಕೆ ಹೋಗಿ ಸೇತುವಿನ ಮರಳು ತಂದಿದ್ದರು. ಆ ಮರಳನ್ನು ಗಂಗೆಗೆ ಒಪ್ಪಿಸಿದರೇ ಯಾತ್ರೆ ಮುಗಿಯುವುದು. ಆದರೆ ಅಂಗಳದಲ್ಲಿ ಜಾರಿಬಿದ್ದ ಮಹಾಲಕ್ಷ್ಮಮ್ಮ ಮತ್ತೆ ನಡೆಯಲಿಲ್ಲ. ಮಗನ ಜೊತೆ ಸಿಂಗಪುರಕ್ಕೆ ಹೋದರು, ಗಿಂಡಿಯೂ ಹೋಯಿತು. ದಿನವೂ ದೇವರ ದೀಪದ ಪಕ್ಕದಲ್ಲಿ ಅದನ್ನು ನೋಡಿ, ‘ಗಂಗೆಯ ವಸ್ತು ನಮ್ಮ ಮನೇಲಿ ಉಳ್ಕಂಡ್ತಲ್ಲೇ’ ಎನ್ನುತ್ತಿದ್ದರು. ಕಣ್ಣು ಮುಚ್ಚುವಾಗಲೂ ಅದನ್ನೇ ಹೇಳಿದ್ದರು.

ಅಧಿಕಾರಿಗಳ ಲಾಂಚು ಮಂಜನ್ನು ಸೀಳಿ ಬಂತು. ಕಸ್ಟಮ್ಸಿನ ಇನ್‌ಸ್ಪೆಕ್ಟರ್ ಅರವಿಂದ, ದೋಣಿಯ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಮಿತ್ರಬಾಬು ಹತ್ತಿ ಬಂದರು. ಆರೋಗ್ಯದವರು, ವಲಸೆಯವರು ಹಿಂದಿನ ದಿನವೇ ಬಂದುಹೋಗಿದ್ದರು. ಇಲ್ಲಿ ಬಳಸಲು ಅನುಮತಿಯಿಲ್ಲದ ಚಂದ್ರಹಾಸರ ಸ್ಯಾಟಲೈಟ್ ಫೋನನ್ನು ಅರವಿಂದ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿದ. ಆಮೇಲೆ ಕಾಗದ ಓದುತ್ತಾ ಹೋಗಿ ಒಂದು ಕಡೆ ನಿಂತ. ದೋಣಿಯ ಹೆಸರು, ಹೊನ್ನಾವರ ಎಂಬ ಹುಟ್ಟೂರು ನೋಡಿ ಅವನ ಬಾಯಿಗೆ ತಾನಾಗಿಯೇ ಧಾರವಾಡದ ಕನ್ನಡ ಬಂತು.

“ಅಮ್ಮಾರ, ಇದೇನ್ರೀ ಬರದೀರಿ? ‘ಮಣ್ಣು, ಮರಳು, ಬೀಜ’ ಅನ್ನೋ ಕಡೆ ‘ಉಂಟು’ ಅಂತ?”

“ಉಂಟಲ್ಲ ತಮ್ಮಾ. ಅದಕ್ಕೇ ಬರ್ದೆ.”

“ಎಲ್ಲಾರೂ ‘ಇಲ್ಲ’ ಅಂತ ಬರೀತಾರ್ರೀ!”

“ಎಲ್ಲರ ಹತ್ರ ಇರೂದಿಲ್ಲ ಕಾಣ್ತದೆ.”

ಚಂದ್ರಹಾಸರು ಹಣೆ ಹಿಡಿದುಕೊಂಡರು. “ನಾ ಹೇಳಿದ್ದೆ ಮಾರಾಯ್ತಿ, ‘ಇಲ್ಲ’ ಅಂತ ಬರೆ ಅಂತ. ಪಾರ್ಕ್ ಸ್ಟ್ರೀಟಿನ ಬಿಸಿ ಊಟ ಎದುರಿಗೇ ಉಂಟು, ನಾನಿಲ್ಲಿ ಬಿಸ್ಕೀಟು ತಿಂತಾ ಕೂತಿದ್ದೆ.”

“ತಿನ್ನಿ. ಅದೂ ಮುಗಿದ್ರೆ ಏಕಾದಶಿ ಅಂದ್ಕಳಿ.”

ಮಿತ್ರಬಾಬು ಹತ್ತಿರ ಬಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದ: “ಮಾಶಿಮಾ, ಆ ಸಾಲು ಹೊಡೆದುಹಾಕಿ. ಮಂಜಿದೆ. ನಾವೆಲ್ಲ ಆ ಕಡೆ ತಿರುಗಿ ನಿಲ್ಲುತ್ತೇವೆ. ಗಿಂಡಿ ಬಗ್ಗಿಸಿ. ಮುಗೀತು.”

ಇಂದುಮತಿ ಅವನನ್ನು ಮಗುವನ್ನು ನೋಡುವ ಹಾಗೆ ನೋಡಿದರು. “ಬಾಬು, ಕದ್ದು ಕೊಟ್ಟದ್ದನ್ನ ಗಂಗೆ ತಗೊಳ್ತಾಳಾ?”

ಅರವಿಂದ ನಿಟ್ಟುಸಿರುಬಿಟ್ಟು ತನ್ನ ಮೇಲಧಿಕಾರಿಗೆ ಫೋನು ಮಾಡಿದ. ಮಧ್ಯಾಹ್ನ ಮಂಜು ಕರಗುವ ಹೊತ್ತಿಗೆ ಅವರೇ ಬಂದರು. ಒಳ್ಳೆಯ ಮನುಷ್ಯರೇ, ಆದರೆ ಅವಸರದವರು. ಕೂರಲೂ ಇಲ್ಲ.

“ಅಮ್ಮಾ, ಹೊರದೇಶದ ಮಣ್ಣಿಗೆ ಪ್ರವೇಶವಿಲ್ಲ. ಅದರಲ್ಲಿ ನಮ್ಮ ಪೈರಿಗೆ ರೋಗ ತರುವ ಹುಳ ಇರಬಹುದು. ‘ಬಿಟ್ಟುಕೊಟ್ಟಿದ್ದೇನೆ’ ಅಂತ ಇಲ್ಲಿ ಸಹಿ ಹಾಕಿ. ನಾವು ಸುಟ್ಟುಹಾಕುತ್ತೇವೆ. ಸಂಜೆಗೆ ನೀವು ದಡದಲ್ಲಿ.”

“ಅದು ರಾಮೇಶ್ವರದ ಮರಳು, ಸಾಹೇಬರೇ.”

“ಬಂದದ್ದು ಸಿಂಗಪುರದಿಂದ.”

“ಬಂದದ್ದಲ್ಲ, ತಿರುಗಿ ಬಂದದ್ದು. ನಿಮ್ಮ ಕಾನೂನು ತಪ್ಪು ಅಂತ ನಾನು ಹೇಳುವುದಿಲ್ಲ. ಹುಳ ಉಂಟಾ ನೋಡಿ. ನೋಡದೆ ಸುಡುವುದಕ್ಕೆ ಮಾತ್ರ ನಾನು ಸಹಿ ಹಾಕುವವಳಲ್ಲ.”

“ಇದು ದೇವಸ್ಥಾನವಲ್ಲ, ಬಂದರು.”

“ನೀವು ನಿಂತದ್ದು ಗಂಗೆಯ ಮೇಲೆ.”

ಸಾಹೇಬರ ಮುಖ ಕೆಂಪಾಯಿತು. “ಸಹಿ ಇಲ್ಲದಿದ್ದರೆ ಪ್ರವೇಶವೂ ಇಲ್ಲ. ನಾಳೆಯ ಇಳಿತದ ನೀರಿನಲ್ಲಿ ದೋಣಿ ತಿರುಗಿಸಿಕೊಂಡು ಹೊರಡಿ.”

“ಅಡ್ಡಿಲ್ಲ. ಯಾಕೆ ಹೊರಡಬೇಕು ಅಂತ ಬರೆದುಕೊಡಿ. ಹುಳ ನೋಡುವ ಕಚೇರಿಗೆ ಕಳಿಸಲಿಲ್ಲ ಅನ್ನುವುದನ್ನೂ ಅದರಲ್ಲೇ ಬರೆಯಿರಿ. ನಾನು ‘ಉಂಟು’ ಅಂತ ಬರೆದ ಹಾಗೆ ನೀವೂ ಇದ್ದದ್ದನ್ನೇ ಬರೆಯಿರಿ.”

ಬರೆಯಲು ಸಾಹೇಬರು ಪೆನ್ನು ತೆಗೆದರು. ಬರೆಯಲಿಲ್ಲ. ಲಾಂಚು ಹತ್ತಿ ಹೋದರು.

ಆ ಸಂಜೆ ಇಂದುಮತಿ ದೋಣಿಯ ಮೂತಿಯಲ್ಲಿ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಕೈ ಚಾಚಿದರೆ ನೀರು. ಉಬ್ಬರದ ನೀರು ದೋಣಿಯ ಪಕ್ಕೆಯನ್ನು ತಟ್ಟುತ್ತಿತ್ತು, ಬಾಗಿಲಲ್ಲಿ ನಿಂತವರು ಕರೆದ ಹಾಗೆ. ಚಂದ್ರಹಾಸರು ಬಂದು ಪಕ್ಕದಲ್ಲಿ ಕೂತರು.

“ಬಗ್ಗಿಸಿಬಿಡೆ. ಅಮ್ಮ ಏನೂ ಅಂದ್ಕಳೂದಿಲ್ಲ.”

“ನಿಮ್ಮಮ್ಮ ಪಕ್ಕದ ಮನೆ ಕರಿಬೇವನ್ನೂ ಕೇಳದೆ ಕೊಯ್ದವರಲ್ಲ. ಅವರ ಹೆಸರಲ್ಲಿ ನಾ ಕದ್ದು ಕೊಡ್ಲಾ?”

ಚಂದ್ರಹಾಸರು ಎದ್ದರು. ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿ ತಂದರು. ಆಮೇಲೆ ಬಿಸ್ಕೀಟಿನ ಮಾತನ್ನು ಅವರು ಎತ್ತಲಿಲ್ಲ.

ಮರುದಿನ ಅರವಿಂದ ಒಬ್ಬನೇ ಬಂದ. ಬೆಹಾಲಾದ ಮನೆಯಿಂದ ನೇರ ಬಂದಿದ್ದನೆಂದು ಕಾಣುತ್ತದೆ, ಮಂಕಿ ಟೋಪಿ ಇನ್ನೂ ತಲೆಯ ಮೇಲಿತ್ತು.

“ಸಾಹೇಬ್ರು ಒಪ್ಪ್ಯಾರ್ರೀ. ಬರದು ಕೊಡೂದಕಿಂತ ಕಳಸೂದೇ ಹಗೂರ ಅಂದ್ರು. ಕ್ವಾರಂಟೀನ್ ಕಚೇರಿಯವ್ರು ಮರಳನ್ನ ಪರೀಕ್ಷೆ ಮಾಡಿ, ಚೊಲೋ ಇದ್ರ ಒಲಿಯೊಳಗ ಕಾಯಿಸಿ ಬಿಡ್ತಾರ. ಇಲ್ಲಂದ್ರ ಅಲ್ಲೇ ತಗದು ಒಗೀತಾರ. ಅದು ನನ್ನ ಕೈಯಾಗಿಲ್ಲ. ಅಷ್ಟೂ ಕೊಡಬೇಕಾಗ್ತದ.”

ಇಂದುಮತಿಯ ಕೈ ಗಿಂಡಿಯನ್ನು ಬಿಗಿಯಾಗಿ ಹಿಡಿಯಿತು. ಅತ್ತೆ ಹೋದಮೇಲೆ ಅದು ಬೇರೆಯವರ ಕೈಗೆ ಹೋದದ್ದಿಲ್ಲ.

“ಕಾಯಿಸಿದ್ರ ಮೈಲಿಗಿ ಆಗ್ತದೇನ್ರೀ?” ಅರವಿಂದ ಅಳುಕುತ್ತಾ ಕೇಳಿದ.

“ಬೆಂಕಿ ಕಂಡದ್ದಕ್ಕೆ ಎಂತ ಮೈಲಿಗೆ? ಅದಲ್ಲ ತಮ್ಮಾ.” ಅವರು ಗಿಂಡಿಯ ಮೇಲಿನ ಹಿಡಿತ ಸಡಿಲಿಸಿದರು. “ನೋಡಿ ಅಂತ ಹೇಳ್ದವಳು ನಾನೇ. ಈಗ ಹೆದರಿದ್ರೆ ಹೆಂಗೆ?”

“ನನ್ನ ಮ್ಯಾಲೆ ನಂಬಿಕಿ ಇಡ್ರಿ, ಅಮ್ಮಾರ.”

“ನಂಬಿಕೆ ಇಡ್ತೆ. ರಸೀದಿಯನ್ನೂ ಇಡ್ತೆ. ಬರಿ.”

ಅರವಿಂದ ನಕ್ಕು ಬರೆದುಕೊಟ್ಟ. ಇಂದುಮತಿ ಗಿಂಡಿಯ ಮರಳನ್ನು ಕೊನೆಯ ಕಣದವರೆಗೆ ಬಟ್ಟೆಯ ಚೀಲಕ್ಕೆ ಸುರಿದರು. ಲಾಂಚು ಹೋಯಿತು. ಗಿಂಡಿ ಬರಿದಾಗಿ ಮಡಿಲಲ್ಲಿ ಉಳಿಯಿತು. ಇಳಿತದ ನೀರು ಬಂತು, ಹೋಯಿತು. ‘ಶರಾವತಿ’ ಲಂಗರು ಎತ್ತಲಿಲ್ಲ. ದೋಣಿಯನ್ನು ಹೊರಡಿಸಲು ಯಾರೂ ಬರಲೂ ಇಲ್ಲ.

ಕಾಯುವವರಿಗೆ ಸಮಯ ಹೇಗೆ ಹೋಗುತ್ತದೆಂದು ಕಾದವರಿಗೇ ಗೊತ್ತು. ಇಂದುಮತಿ ಬೆಳಿಗ್ಗೆ, ಸಂಜೆ ಬರಿಯ ಗಿಂಡಿಗೇ ದೀಪ ತೋರಿಸಿದರು.

ಕೊನೆಗೊಂದು ಮಧ್ಯಾಹ್ನ, ಬಿಸಿಲು ನದಿಯ ಮೇಲೆ ಹರಡಿ ಮಲಗಿದ್ದಾಗ, ಲಾಂಚು ಬಂತು. ಅರವಿಂದ ಹತ್ತಿದವನೇ ಜೇಬಿನಿಂದ ಒಂದು ಕಾಗದ, ಕೋಟಿನ ಒಳಗಿನಿಂದ ಬಟ್ಟೆಯ ಚೀಲ ತೆಗೆದ. “ಹುಳ ಇಲ್ಲಂತ್ರೀ. ಒಲಿಯಿಂದ ತಗದ ಕೂಡ್ಲೆ ಇಸಕೊಂಡು ಬಂದೀನಿ.”

ಇಂದುಮತಿ ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮರಳು ಇನ್ನೂ ಬೆಚ್ಚಗಿತ್ತು, ಈಗತಾನೇ ಧನುಷ್ಕೋಟಿಯ ಬಿಸಿಲಲ್ಲಿ ಯಾರೋ ಬೊಗಸೆ ತುಂಬಿಕೊಟ್ಟ ಹಾಗೆ. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡರು.

“ಇನ್ನೇನು, ಬಿಡೇ ಗಂಗೆಗೆ,” ಎಂದರು ಚಂದ್ರಹಾಸರು.

“ಮೊದಲು ಬಾವುಟ ಇಳಿಸಿ.”

ಅರವಿಂದ ಕಾಗದಕ್ಕೆ ಮುದ್ರೆ ಒತ್ತಿದ. ಚಂದ್ರಹಾಸರು ಹಗ್ಗ ಬಿಚ್ಚಿದರು. ಹಳದಿ ಬಾವುಟ ಕೆಳಗಿಳಿದು ಅವರ ತೋಳಿನ ಮೇಲೆ ಮಡಚಿಕೊಂಡಿತು.

ಇಂದುಮತಿ ಮರಳನ್ನು ಗಿಂಡಿಗೆ ತುಂಬಿ ದೋಣಿಯ ಅಂಚಿನಲ್ಲಿ ಮೊಣಕಾಲೂರಿದರು. ಮಂತ್ರ ಹೇಳಲಿಲ್ಲ, ಅತ್ತೆಯ ಹೆಸರನ್ನೂ ಎತ್ತಲಿಲ್ಲ. ನೀರಿಗೆ ತಾಗುವಷ್ಟು ಬಾಗಿ, ಗಂಗೆಯದನ್ನು ಗಂಗೆಗೆ ಮೆಲ್ಲಗೆ ಕೊಟ್ಟರು.