ಯಾರಿಗೂ ಕಾಯದ ತಾಳ

ಕಸ್ತೂರಮ್ಮನಿಗೆ ಇನ್ನೊಬ್ಬರ ಮುಂದೆ ಕೈಚಾಚುವುದೆಂದರೆ ಮೊದಲಿನಿಂದಲೂ ಆಗದು. ಅಂಥವಳು ಎಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಕಂಡಕಂಡವರ ಮುಂದೆ ಹಲ್ಲುಗಿಂಜಬೇಕಾಗಿ ಬಂತು. ಹೊಲಕ್ಕೋ ಮನೆಗೋ ಆಗಿದ್ದರೆ ಹೇಗೋ ಹೇಳಿಕೊಳ್ಳಬಹುದಿತ್ತು. ಅವಳು ಕೇಳಿದ್ದು ಒಂದು ಪ್ರೋಗ್ರಾಂ ಉಳಿಸಿಕೊಳ್ಳುವುದಕ್ಕೆ. ಹಾಗೆಂದರೇನು ಎಂದು ಹೇಳುವಷ್ಟರಲ್ಲೇ ಎದುರಿನವರಿಗೆ ಆಕಳಿಕೆ ಬರುತ್ತಿತ್ತು.

ಅವಳು ಹೊನ್ನಾಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಸಂಜೆ ಅಕ್ಕನ ಬಳಗದ ಹೆಂಗಸರಿಗೆ, ಹುಡುಗಿಯರಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದಳು. ಹಾರ್ಮೋನಿಯಂ ಅವಳೇ ನುಡಿಸುವಳು. ತಬಲಾದವರು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಮದುವೆ, ನಾಟಕ, ಪುರಾಣ ಎಂದು ಊರೂರು ಸುತ್ತುವವರಿಗೆ ಹೆಂಗಸರ ಅಭ್ಯಾಸ ಯಾವ ಲೆಕ್ಕ? ತಾಳವಿಲ್ಲದೆ ಹಾಡಿ ಹಾಡಿ ಒಬ್ಬೊಬ್ಬರೂ ಒಂದೊಂದು ದಿಕ್ಕು ಹಿಡಿಯುತ್ತಿದ್ದರು. ಕೊನೆಯ ಸಾಲಿಗೆ ಎಲ್ಲರೂ ಒಟ್ಟಿಗೆ ಬಂದು ಮುಟ್ಟಿದ ದಿನ ಕಸ್ತೂರಮ್ಮ ಎಲ್ಲರಿಗೂ ಕಾಫಿ ಮಾಡಿಸುತ್ತಿದ್ದಳು. ಅಂಥ ದಿನಗಳು ಬಹಳ ಬರಲಿಲ್ಲ.

ಆ ಹೊತ್ತಿಗೆ ಸರ್ಕಾರದ ಯಾವುದೋ ಯೋಜನೆಯಲ್ಲಿ ಶಾಲೆಗೆ ಎರಡು ಕಂಪ್ಯೂಟರ್ ಬಂದವು. ಮುಟ್ಟಿದರೆ ಕೆಟ್ಟಾವು ಎಂದು ಹೆಡ್‌ಮಾಸ್ಟರು ಅವಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಜಡಿದರು. ತರಬೇತಿಗೆ ಹೋಗಿ ಬಂದವಳು ತಾನೊಬ್ಬಳೇ ಎಂಬ ಹಕ್ಕಿನಿಂದ ಕಸ್ತೂರಮ್ಮ ಬೀಗದ ಕೈ ಇಸಿದುಕೊಂಡಳು. ಎರಡು ವರ್ಷ ರಜೆ ಎನ್ನದೆ, ಹಬ್ಬ ಎನ್ನದೆ ಒಂದರ ಮುಂದೆ ಕೂತು, ಪ್ರೋಗ್ರಾಂ ಬರೆದು ಅದಕ್ಕೆ ತಾಳ ಕಲಿಸಿದಳು. ಸದ್ದೇನೋ ತಗಡಿನ ಡಬ್ಬಿ ಬಡಿದಂತೆಯೇ ಇತ್ತು. ಆದರೆ ದಾದರಾ, ಕೇರವಾ, ತೀನ್‌ತಾಳ ಯಾವುದು ಬೇಕೋ ಆರಿಸಿ, ಎಷ್ಟು ನಿಧಾನ ಎಂದು ಒತ್ತಿದರೆ ಸಾಕು, ಹಿಂದೆ ಶ್ರುತಿ ಹಿಡಿದುಕೊಂಡು ಕರೆಂಟು ಇರುವ ತನಕ ಒಂದೇ ನಡೆಯಲ್ಲಿ ನಡೆಯುತ್ತಿತ್ತು. ಆರು ತಿಂಗಳಲ್ಲಿ ಬಳಗದ ಹುಡುಗಿಯರು ಕಣ್ಣು ಮುಚ್ಚಿಕೊಂಡು ಸಮಕ್ಕೆ, ಅಂದರೆ ತಾಳದ ಸುತ್ತಿನ ಮೊದಲ ಪೆಟ್ಟಿಗೆ, ಬಂದು ಬೀಳತೊಡಗಿದರು. ಕಸ್ತೂರಮ್ಮನಿಗೆ ತನ್ನ ಬಾಳಿನಲ್ಲಿ ಅಷ್ಟು ಸಂತೋಷ ಇನ್ನಾವುದರಿಂದಲೂ ಆಗಿರಲಿಲ್ಲ.

ಅಷ್ಟರಲ್ಲಿ ಯೋಜನೆ ಮುಗಿಯಿತು, ಮೇ ತಿಂಗಳ ಕೊನೆಗೆ ಯಂತ್ರಗಳನ್ನು ವಾಪಸು ಕಳಿಸಬೇಕು ಎಂದು ಆದೇಶ ಬಂತು. ಯಂತ್ರ ಹೋದರೆ ಅವಳ ಎರಡು ವರ್ಷದ ಕೆಲಸ, ಆ ಕಾಲದಲ್ಲಿ ಪ್ರೋಗ್ರಾಂ ತುಂಬಿಡುತ್ತಿದ್ದ ಒಂದು ಕ್ಯಾಸೆಟ್ಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ದಾವಣಗೆರೆಯಲ್ಲಿ ಕಂಪ್ಯೂಟರ್ ಕ್ಲಾಸು ಮುಚ್ಚುತ್ತಿದ್ದವರೊಬ್ಬರ ಹತ್ತಿರ ಅದೇ ಜಾತಿಯ ಯಂತ್ರ ಎಂಟು ಸಾವಿರಕ್ಕೆ ಇತ್ತು. ಜೂನ್ ಒಂದರೊಳಗೆ ಅರ್ಧ ಕೊಟ್ಟರೆ ಉಳಿದದ್ದು ಕಂತಿನಲ್ಲಿ, ಇಲ್ಲದಿದ್ದರೆ ಬೇರೆ ಗಿರಾಕಿಗೆ ಎಂದು ಅವರು ಹೇಳಿಬಿಟ್ಟರು. ಕಸ್ತೂರಮ್ಮನ ಕೊರಳಿನ ಸರ ಆಗಲೇ ತಂಗಿಯ ಮದುವೆಗೆ ಹೋಗಿತ್ತು. ಕೈಯಲ್ಲಿದ್ದದ್ದು ಒಂದು ಸಾವಿರ.

ಮೊದಲು ಬ್ಯಾಂಕಿಗೆ ಹೋದಳು. ಮ್ಯಾನೇಜರು ಒಳ್ಳೆಯವರೇ, ಕೂರಿಸಿ ಚಹಾ ತರಿಸಿದರು.

“ಎಮ್ಮೆಗೆ ಸಾಲ ಕೊಡ್ತೀವಿ, ಪಂಪ್‌ಸೆಟ್ಟಿಗೆ ಕೊಡ್ತೀವಿ, ಹೊಲಿಗೆ ಮಿಷನ್ನಿಗೂ ಕೊಡ್ತೀವಿ. ಈ ನಿಮ್ಮ ಯಂತ್ರ ಏನು ಉತ್ಪತ್ತಿ ಮಾಡ್ತೈತೆ?”

“ತಾಳ ಸಾರ್.”

“ತಾಳ ಹಾಕ್ಕೊಂಡು ಕಂತು ಕಟ್ಟಾಕಾಗ್ತೈತೇನ್ರಿ?” ಎಂದು ಅವರು ತಮ್ಮ ಮಾತಿಗೆ ತಾವೇ ನಕ್ಕರು. ಕಸ್ತೂರಮ್ಮ ಚಹಾ ಪೂರ್ತಿ ಕುಡಿದೇ ಎದ್ದಳು. ಬಿಸಿಲಲ್ಲಿ ನಡೆದು ಬಂದಿದ್ದಕ್ಕೆ ಅಷ್ಟಾದರೂ ದಕ್ಕಲಿ ಎಂದು.

ಆಮೇಲೆ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳಿದರು. ಚನ್ನಗಿರಿಯ ಅಡಿಕೆ ಮಂಡಿಯ ಮರುಳಪ್ಪನವರು. ದುಡ್ಡಿದೆ, ಕೈ ಧಾರಾಳ, ಮೇಲಾಗಿ ಸ್ವತಃ ಹಾಡುಗಾರರು. ಸುತ್ತಿನ ಯಾವ ಸಮಾರಂಭವಿರಲಿ, ಮೈಕಿನ ಮುಂದೆ ಅವರದೊಂದು ವಚನ ಆಗಲೇಬೇಕು. ಇಪ್ಪತ್ತು ವರ್ಷದಿಂದ ಅವರು ಹೋದಲ್ಲೆಲ್ಲ ಸಂತೇಬೆನ್ನೂರಿನ ಗಿಡ್ಡಪ್ಪ ತಬಲಾ ಹೊತ್ತುಕೊಂಡು ಹೋಗುತ್ತಿದ್ದ.

ಮರುಳಪ್ಪನವರು ಅರ್ಧ ಮಾತು ಕೇಳುವಷ್ಟರಲ್ಲೇ ಒಪ್ಪಿದರು. ಅವರಿಗೆ ಒಂದೇ ಚಿಂತೆ.

“ಅಲ್ರೀ ಟೀಚರ್, ನನ್ನ ಹೆಸರು ಎಲ್ಲಿ ಬರೆಸ್ತೀರಿ?”

ಪ್ರಶ್ನೆ ನ್ಯಾಯವಾದದ್ದೇ. ಆ ಊರಿನ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ, ಮೆಟ್ಟಿಲ ಮೇಲೆ, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಎಲ್ಲ ಕಡೆ ಅವರ ಹೆಸರಿತ್ತು. ಪ್ರೋಗ್ರಾಮಿಗೆ ಪೇಂಟು ಬಳಿಯುವ ಜಾಗವೇ ಇರಲಿಲ್ಲ. ಶುರುವಾಗುವಾಗ ಕಂಪ್ಯೂಟರಿಗೆ ಜೋಡಿಸುವ ಟಿ.ವಿ.ಯ ಪರದೆಯ ಮೇಲೆ ಮೊದಲು ನಿಮ್ಮ ಹೆಸರೇ ಬರುವ ಹಾಗೆ ಮಾಡುತ್ತೇನೆ ಎಂದು ಕಸ್ತೂರಮ್ಮ ಹೇಳಿದಾಗ ಸಾಹುಕಾರರ ಮುಖ ಅರಳಿತು. ಅವಳು ಬೇಡವೆಂದರೂ ಕೇಳದೆ, ಇರಲಿ ಎಂದು ಕ್ಯಾಸೆಟ್ಟಿನ ಒಂದು ನಕಲು ಇಸಿದುಕೊಂಡರು.

ಅಲ್ಲೇ ಎಡವಟ್ಟಾಯಿತು. ಮೂರನೇ ದಿನ ಬೀಗರು ಬಂದಿದ್ದಾಗ, ನಾನು ದುಡ್ಡು ಹಾಕುವ ಸಂಗೀತ ಕೇಳ್ರಿ ಎಂದು ಸಾಹುಕಾರರು ಆ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ಜೋರಾಗಿ ಬಿಟ್ಟರು. ಅದು ಕಂಪ್ಯೂಟರಿಗೆ ಮಾತ್ರ ತಿಳಿಯುವ ಭಾಷೆ. ಮನುಷ್ಯರ ಕಿವಿಗೆ ಅದು ಕಿರ್ರೋ ಎನ್ನುವ ಕೀರಲು ಸದ್ದು, ಅದೂ ನಿಲ್ಲದೆ ನಾಲ್ಕು ನಿಮಿಷ. ತೊಟ್ಟಿಲ ಕೂಸು ಹೌಹಾರಿ ಅತ್ತಿತು, ಬೀಗಿತ್ತಿ ವಿಭೂತಿ ಹುಡುಕಿದಳು. ಟೀಚರ ಕ್ಯಾಸೆಟ್ಟಿಗೆ ದೆವ್ವ ಹೊಕ್ಕೈತೆ ಎಂಬ ಸುದ್ದಿ ಸಂಜೆಯ ಬಸ್ಸಿನಲ್ಲಿ ಹೊನ್ನಾಳಿಗೂ ಬಂತು.

ಕೇಳಿ ಕಸ್ತೂರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಲೆಕ್ಕ ಹಾಕಿ ನೋಡಿದರೆ ಇನ್ನು ಐದೇ ದಿನ ಉಳಿದಿತ್ತು. ಮಾರನೆಯ ದಿನ ಹೆಡ್‌ಮಾಸ್ಟರ ಹತ್ತಿರ ಹೋಗಿ, ಏನಾದರೂ ಆದರೆ ತನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಹೇಳಿ, ಒಂದು ದಿನದ ಮಟ್ಟಿಗೆ ಯಂತ್ರ ಬಿಡಿಸಿಕೊಂಡಳು. ಬಸ್ಸಿನ ಮೇಲೆ ಹಾಕ್ರಿ ಎಂದು ಕಂಡಕ್ಟರು ಎಷ್ಟು ಕೂಗಾಡಿದರೂ ಜಪ್ಪಯ್ಯ ಎನ್ನಲಿಲ್ಲ. ಎಳೇ ಕೂಸಿನ ಹಾಗೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಚನ್ನಗಿರಿಗೆ ಬಂದಳು.

ಸಾಹುಕಾರರ ಪಡಸಾಲೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ದೆವ್ವ ನೋಡಲು ಬಂದವರೇ ಹೆಚ್ಚು. ಟಿ.ವಿ.ಯ ಮೇಲೆ ಮರುಳಪ್ಪನವರ ಹೆಸರು ದೊಡ್ಡದಾಗಿ ಮೂಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಶ್ರುತಿ ಎದ್ದಿತು, ಅದರ ಮೇಲೆ ಕೇರವಾ ನಡೆಯತೊಡಗಿತು. “ಎಲಾ ಇದರ!” ಎಂದು ಸಾಹುಕಾರರು ಶಲ್ಯ ಸರಿಪಡಿಸಿಕೊಂಡು ಹಾಡಲು ಕೂತರು. ಕಸ್ತೂರಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು.

ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೇ ಸಾಲಿನ ಕೊನೆಯಲ್ಲಿ ಅವರು ದನಿ ಎಳೆದು ಎಳೆದು, ಕಣ್ಣು ಮುಚ್ಚಿ ತಲೆದೂಗಿ ಕೆಳಗಿಳಿಯುವ ಹೊತ್ತಿಗೆ ಸಮ ಬಂದು ಹೋಗಿ ಬಹಳ ಹೊತ್ತಾಗಿತ್ತು.

“ನಿಮ್ಮ ಮಿಷನ್ ಓಡ್ತೈತೆ ಟೀಚರ್. ಸ್ವಲ್ಪ ನಿಧಾನ ಮಾಡ್ರಿ.”

ಅವಳು ನಿಧಾನ ಮಾಡಿದಳು. ಸಾಹುಕಾರರು ಇನ್ನೂ ನಿಧಾನವಾಗಿ ಎಳೆದರು. ಮತ್ತೆ ತಪ್ಪಿತು. ಮೂರನೇ ಸಲವೂ ತಪ್ಪಿದಾಗ ಬೀಗರು ಮಾಡಿನ ತೊಲೆ ನೋಡತೊಡಗಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಾಹುಕಾರರ ಹೆಂಡತಿ ಅನ್ನಪೂರ್ಣಮ್ಮ, “ಮಿಷನ್ ಎಲ್ಲೂ ಓಡ್ತಿಲ್ಲ ಕಣ್ರಿ, ಅದು ಇದ್ದಲ್ಲೇ ಐತೆ,” ಎಂದು ಹೇಳಿ ಒಳಗೆ ಹೋದರು.

ಮರುಳಪ್ಪನವರು ಕೆಂಪಗಾದರು. “ಗಿಡ್ಡಪ್ಪ, ನೀನು ಬಾರ್ಸೋ.”

ಮೂಲೆಯಲ್ಲಿದ್ದ ಗಿಡ್ಡಪ್ಪ ತಬಲಾ ಎಳೆದುಕೊಂಡ. ಸಾಹುಕಾರರು ಅದೇ ಸಾಲನ್ನು ಅದಕ್ಕಿಂತ ಉದ್ದ ಎಳೆದರು. ಗಿಡ್ಡಪ್ಪನ ಕೈ ಅವರ ಬಾಯನ್ನೇ ನೋಡಿಕೊಂಡು ನಿಧಾನವಾಯಿತು, ಸುಳ್ಳೇ ಒಂದೆರಡು ಪೆಟ್ಟು ಸೇರಿಸಿ ಹೊತ್ತು ಕಳೆಯಿತು. ಅವರು ಇಳಿದ ಕ್ಷಣಕ್ಕೆ ಸರಿಯಾಗಿ ಧಾ ಎಂದಿತು. ಎಲ್ಲರೂ ಭಲೇ ಎಂದರು.

“ನೋಡಿದ್ರಾ? ದೋಷ ಮಿಷನ್ನಿಂದು. ಏನಂತೀಯೋ ಗಿಡ್ಡಪ್ಪ, ತಾಳ ಯಾರದ್ದು ಸರಿ?”

ಗಿಡ್ಡಪ್ಪ ತಬಲಾದ ಬಿಗಿ ನೋಡುವವನ ಹಾಗೆ ತಲೆ ತಗ್ಗಿಸಿದ. “ಸಾವ್ಕಾರ್ರು ಹಾಡಿದ್ದೇ ತಾಳ.”

“ಹಂಗಾದ್ರೆ ಟೀಚರ್, ಒಂದೇ ಮಾತು. ಹಾಡೋನು ಬರೋ ತನಕ ಅದು ಕಾಯ್ಬೇಕು. ಅಷ್ಟು ಮಾಡಿಕೊಡ್ರಿ, ಎಂಟು ಸಾವಿರ ಪೂರಾ ನಾನೇ ಕೊಡ್ತೀನಿ. ಹೆಸರು ಬೇಕಾದ್ರೆ ತೆಗೀರಿ.”

ಆಗುವುದಿಲ್ಲ ಎನ್ನುವಂತಿದ್ದರೆ ಸುಲಭವಿತ್ತು. ಅದು ಆಗುತ್ತಿತ್ತು. ಒಂದು ಕೀಲಿ ಒತ್ತಿದರೆ ತಾಳ ನಿಲ್ಲಬೇಕು, ಬಿಟ್ಟರೆ ಸಮದಿಂದ ಶುರುವಾಗಬೇಕು. ಪ್ರೋಗ್ರಾಮಿಗೆ ಹತ್ತು ಸಾಲು ಸೇರಿಸುವ ಕೆಲಸ, ಅಲ್ಲೇ ಕೂತು ಊಟದ ಹೊತ್ತಿಗೆ ಮುಗಿಸಬಹುದಿತ್ತು. ಒಪ್ಪಿಕೋ, ದುಡ್ಡು ತಗೋ, ಮನೆಗೆ ಹೋಗಿ ಆ ಹತ್ತು ಸಾಲು ಅಳಿಸಿಬಿಡು ಎಂದು ಅವಳ ಮನಸ್ಸು ಹೇಳಿತು ಕೂಡ. ಅವಳು ಗಿಡ್ಡಪ್ಪನ ಕಡೆ ನೋಡಿದಳು. ಅವನು ಇನ್ನೂ ತಲೆ ಎತ್ತಿರಲಿಲ್ಲ. ಒಂದು ಸಲ ಕಾದವರು ಇಪ್ಪತ್ತು ವರ್ಷ ಕಾಯಬೇಕಾಗುತ್ತದೆ ಎಂದು ಅವಳಿಗೆ ಆಗ ಅನ್ನಿಸಿತು, ಭಯವೂ ಆಯಿತು.

“ಅದು ಮಾಡಾಕೆ ಬರ್ತೈತೆ ಸಾವ್ಕಾರ್ರೆ. ಆದ್ರೆ ನಾನು ಮಾಡಲ್ಲ.”

“ಯಾಕೆ?”

“ಇದನ್ನ ಇಟ್ಕೊಂಡು ನಮ್ಮ ಹುಡುಗೀರು ಕಲೀತಾರೆ. ಇದೂ ಕಾಯಾಕೆ ಶುರು ಮಾಡಿದ್ರೆ, ತಪ್ಪಿತು ಅಂತ ಅವ್ರಿಗೆ ಯಾರು ಹೇಳ್ತಾರೆ?”

ಮರುಳಪ್ಪನವರು ಶಲ್ಯ ಮಡಿಚಿ ಹೆಗಲ ಮೇಲೆ ಹಾಕಿಕೊಂಡರು. ಬೈಯುತ್ತಾರೆ ಎಂದುಕೊಂಡರೆ ಬೈಯಲಿಲ್ಲ. “ಊಟ ಮಾಡ್ಕೊಂಡು ಹೋಗ್ರಿ,” ಎಂದಷ್ಟೇ ಹೇಳಿ ಎದ್ದರು. ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವವರ ಪೈಕಿ ಅವರಲ್ಲ. ಅನ್ನಪೂರ್ಣಮ್ಮ ಎರಡೆರಡು ಸಲ ತುಪ್ಪ ಹಾಕಿದರೂ ಕಸ್ತೂರಮ್ಮ ಒಂದೇ ಹೋಳಿಗೆಗೆ ಕೈ ತೊಳೆದಳು.

ಬಸ್‌ಸ್ಟ್ಯಾಂಡಿನಲ್ಲಿ ಯಂತ್ರ ಪಕ್ಕಕ್ಕಿಟ್ಟುಕೊಂಡು ಕೂತಾಗ ಅವಳಿಗೆ ಸಿಟ್ಟು ಬಂತು. ಸಾಹುಕಾರರ ಮೇಲೆ ಬಂತು, ಬ್ಯಾಂಕಿನವರ ಮೇಲೆ ಬಂತು, ಕೊನೆಗೆ ತನ್ನ ಮೇಲೇ ಬಂತು. ಆದರೆ ಮಾಡಿದ್ದು ತಪ್ಪು ಎಂದು ಒಂದು ಸಲವೂ ಅನ್ನಿಸಲಿಲ್ಲ. ನಾಳೆ ಯಾರನ್ನು ಕೇಳುವುದು ಎಂದು ಆಗಲೇ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಗಿಡ್ಡಪ್ಪ ಏದುಸಿರು ಬಿಡುತ್ತ ಬಂದು ಎದುರಿಗೆ ನಿಂತ.

“ಟೀಚರ್, ಇದ್ರ ಜೊತೆ ನಾನೊಂದು ಸಲ ಬಾರ್ಸಬೇಕು.”

“ಯಾಕ್ರೀ ಗಿಡ್ಡಪ್ಪನೋರೆ, ನಿಮಗ್ಯಾಕೆ ಇದು?”

“ಸಾವ್ಕಾರ್ರಿಗೆ ಬಾರ್ಸೀ ಬಾರ್ಸೀ...” ಎಂದು ಅವನು ಸುತ್ತ ನೋಡಿ ದನಿ ತಗ್ಗಿಸಿದ. “ನನ್ನ ತಾಳ ನನ್ನತ್ರ ಉಳಿದೈತೋ ಇಲ್ಲೋ, ನನಗೇ ಗೊತ್ತಿಲ್ಲ. ಹೆಂಗೆ ತಿಳ್ಕೊಳ್ಳೋದು? ಯಾರನ್ನ ಕೇಳಾದು?”

ಕಸ್ತೂರಮ್ಮ ಬೆಂಚಿನ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು. ಸೋಮವಾರ ಯಂತ್ರ ಹೋಗುತ್ತದೆ, ಭಾನುವಾರ ಶಾಲೆಗೆ ಬನ್ನಿ, ದುಡ್ಡೇನೂ ಬೇಡ ಎಂದಳು.

“ಬ್ಯಾಡ ಅನ್ಬ್ಯಾಡ್ರಿ. ಪುಕ್ಕಟೆ ಬಂದ್ರೆ ನಾನು ಒಂದೇ ದಿನ ಬರ್ತೀನಿ. ನಂಗೆ ವಾರವಾರ ಬೇಕು. ನನ್ನಂಥೋರು ಇನ್ನೂ ಅದಾರೆ, ಎಲ್ರೂ ಒಬ್ಬೊಬ್ಬ ಸಾವ್ಕಾರ್ರ ಹಿಂದೆ ಬಾರ್ಸೋರೇ. ನಾನು ಹೇಳ್ತೀನಿ ಅವ್ರಿಗೆ, ಎಲ್ರ ಫೀಜು ಸೇರಿದ್ರೆ ಆ ಇನ್ನೊಂದು ಮಿಷನ್ ಬರ್ತೈತೆ.”

ಭಾನುವಾರ ಹತ್ತು ಗಂಟೆಗೆ ಶಾಲೆಯ ಗೇಟಿನಲ್ಲಿ ಒಂಬತ್ತು ಜನ ನಿಂತಿದ್ದರು. ಜಗಳೂರಿನಿಂದ ನಾಟಕಕ್ಕೆ ತಬಲಾ ಬಾರಿಸುವ ದೊಡ್ಡಣ್ಣ, ನ್ಯಾಮತಿಯಿಂದ ಭಜನೆಯ ನಾಗೇಂದ್ರಪ್ಪ, ಹೊನ್ನಾಳಿಯಲ್ಲೇ ಇದ್ದು ಬಳಗಕ್ಕೆ ಒಂದು ದಿನವೂ ಬಾರದಿದ್ದ ಇಬ್ಬರು. ಕಳ್ಳತನಕ್ಕೆ ಬಂದವರ ಹಾಗೆ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬಂದರು. ವಾರಕ್ಕೊಂದು ದಿನ ಬಂದು ಅಭ್ಯಾಸ ಮಾಡುವುದಕ್ಕೆ ಇಡೀ ವರ್ಷದ ಫೀಜನ್ನು ಮುಂಗಡವಾಗಿ ಟೇಬಲಿನ ಮೇಲಿಟ್ಟರು. ಅವಳ ಸಾವಿರವೂ ಸೇರಿ ದಾವಣಗೆರೆಯವರು ಕೇಳಿದ ಅರ್ಧಕ್ಕೆ ಸಾಕಾಯಿತು. ಇಷ್ಟು ದಿನ ತಾನು ದಾನ ಕೊಡುವವರ ಬಾಗಿಲಿಗೆ ಹೋದೆ, ಬೇಕಾದವರ ಬಾಗಿಲಿಗೆ ಒಂದು ಸಲವೂ ಹೋಗಲಿಲ್ಲವಲ್ಲ ಎಂದು ಕಸ್ತೂರಮ್ಮ ತನ್ನನ್ನು ತಾನೇ ಬೈದುಕೊಂಡಳು. ನಾಳೆ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಬೇಕು.

“ಮೊದ್ಲು ಯಾರು ಕೂರ್ತೀರಿ?” ಎಂದಳು.

ಗಿಡ್ಡಪ್ಪ ಕೂತ. ಅವಳು ಕೇರವಾ ಹಾಕಿದಳು. ಹಾಡುವವರು ಯಾರೂ ಇರಲಿಲ್ಲ. ಯಂತ್ರ ನಡೆಯಿತು, ಪಕ್ಕದಲ್ಲೇ ಅವನ ತಬಲಾ ನಡೆಯಿತು. ಒಂದು ಸುತ್ತು, ಎರಡು ಸುತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನ ಮುಖದಲ್ಲಿ ನಗು ಮೂಡಿತು. ನಾಲ್ಕನೇ ಸುತ್ತಿನ ಕೊನೆಗೆ ಬಂದಾಗ ಅವನ ಕೈ ತಾನಾಗಿ ಮೇಲೆ ನಿಂತಿತು. ಹಾಡುವವರೇ ಇಲ್ಲದ ಕೋಣೆಯಲ್ಲಿ ಅದು ಯಾರಿಗೋ ಕಾಯುತ್ತಿತ್ತು. ಯಂತ್ರ ಮುಂದೆ ಹೋಯಿತು.

ಗಿಡ್ಡಪ್ಪ ತನ್ನ ಕೈಯನ್ನು ನೋಡಿಕೊಂಡ. ಉಳಿದ ಎಂಟು ಜನರಲ್ಲಿ ಒಬ್ಬರೂ ನಗಲಿಲ್ಲ.

“ಅಲ್ಲಿ ಸಾವ್ಕಾರ್ರು ಉಸಿರು ತಗೋತಾರೆ,” ಎಂದ ಗಿಡ್ಡಪ್ಪ. ಅವನ ಕಣ್ಣು ತುಂಬಿದ್ದವು.

ಕಸ್ತೂರಮ್ಮ ನಿಲ್ಲಿಸಲೇ ಎಂಬಂತೆ ಕೀಲಿಯ ಕಡೆ ಕೈ ಚಾಚಿದಳು.

“ನಿಲ್ಸಬ್ಯಾಡ್ರಿ ಟೀಚರ್,” ಎಂದ ಅವನು. ಮುಂದಿನ ಸಮ ಬರುವುದನ್ನೇ ಕೇಳಿಸಿಕೊಂಡು, ಹಲ್ಲು ಕಚ್ಚಿ ಮತ್ತೆ ಕೈ ಇಳಿಸಿದ.